ಏಳನೇ ಪಿನ್ನಿಗೆ ಇಬ್ಬರು ಒಡೆಯರು

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನ ಬಗ್ಗೆ ಈ ತಿಂಗಳು ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಾತಿನಿಂದ ಶುರುವಾಗುತ್ತವೆ. "ಅಕ್ಕಾ, ಸೆನ್ಸರ್ ಕೆಟ್ಟಿದೆ." ಓದುತ್ತಾ ಹೋದರೆ ಒಂದು ಪತ್ರದಲ್ಲೂ ಸೆನ್ಸರ್ ಕೆಟ್ಟಿಲ್ಲ. ಪಾಪ, ಅದರ ಮೇಲೆ ಸುಮ್ನೆ ಅಪವಾದ. ಇನ್ನೊಂದು ವಿಷಯ. ಆದೇಶಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ.

ಪ್ರಶ್ನೆ: ನಮ್ಮನೆ ಅಡಿಕೆ ಡ್ರೈಯರ್‌ಗೆ ರಾಸ್ಪ್‌ಬೆರಿ ಪೈ 4 ಹಾಕಿದ್ದೇನೆ. ಒಳಗೆ ಮೂರು ಕಡೆ ಡಿಎಸ್18ಬಿ20 ಉಷ್ಣತೆಯ ಸೆನ್ಸರ್ ಇದೆ. ಹೋದ ವರ್ಷ ಸುಗ್ಗಿ ಮುಗಿಯುವವರೆಗೂ ಚೆನ್ನಾಗಿತ್ತು. ಈ ಸಲ ಬಿಸಿ ಜಾಸ್ತಿಯಾದರೆ ಮೊಬೈಲಿಗೆ ಎಸ್ಸೆಮ್ಮೆಸ್ ಬರಲಿ ಅಂತ ಸಿಮ್ ಹಾಕುವ ಮಾಡ್ಯೂಲ್ ತಂದೆ. ಅದಕ್ಕಾಗಿ ಪೈಯ ಸೀರಿಯಲ್ ಸಂಪರ್ಕಗಳಲ್ಲಿ ಒಂದಾದ ಯುಎಆರ್‌ಟಿ3 ಆನ್ ಮಾಡಿದೆ. ಎಸ್ಸೆಮ್ಮೆಸ್ ಹೋಗುತ್ತದೆ, ಆದರೆ ಮೂರೂ ಸೆನ್ಸರ್ ಮಾಯ! ಹೊಸದು ತರಿಸಿ ಹಾಕಿದರೂ ಅದೇ ಕಥೆ. — ಅಡಿಕೆ ಬೆಳೆಗಾರ, ಶಿರಸಿ ತಾಲೂಕು

ಉತ್ತರ: ಹೊಸ ಸೆನ್ಸರ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೂರು ಸೆನ್ಸರ್ ಒಂದೇ ದಿನ ಒಟ್ಟಿಗೆ ಸಾಯುವುದಿಲ್ಲ ಅಲ್ವಾ? ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು "ಯುಎಆರ್‌ಟಿ3 ಆನ್ ಮಾಡಿದೆ" ಅನ್ನುವುದು. ನೀವು ಅದನ್ನು ಹಾದಿಯಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ.

ಪೈಯ 40 ಪಿನ್ನಿನ ಸಾಲಿನಲ್ಲಿ ನಿಮ್ಮ ಸೆನ್ಸರ್‌ನ ಡೇಟಾ ತಂತಿ ಏಳನೇ ಪಿನ್ನಿನಲ್ಲಿರಬೇಕು. ಅದು ಚಿಪ್ಪಿನ ಲೆಕ್ಕದಲ್ಲಿ ಜಿಪಿಐಓ 4 (ಜಿಪಿಐಓ ಅಂದರೆ ನಮಗೆ ಬೇಕಾದ ಕೆಲಸಕ್ಕೆ ಹಚ್ಚಬಹುದಾದ ಪಿನ್ನು). ನಿಮ್ಮ ಸೆನ್ಸರ್ ಒಂದೇ ಡೇಟಾ ತಂತಿಯಲ್ಲಿ ಮಾತಾಡುವ ರೀತಿಗೆ ಒನ್‌ವೈರ್ ಅನ್ನುತ್ತಾರೆ. ಅದರ ಓವರ್‌ಲೇಗೆ (ಸೆಟ್ಟಿಂಗಿನ ಚೀಟಿ, ವಿವರ ಮುಂದಿದೆ) ನೀವು ಏನೂ ಹೇಳದಿದ್ದರೆ ಅದು ಹಿಡಿಯುವುದು ಇದೇ ಪಿನ್ನನ್ನು. ಈಗ ನೀವು ಕರೆದು ತಂದ ಯುಎಆರ್‌ಟಿ3ರ ಜಾಗ ಯಾವುದು? ಜಿಪಿಐಓ 4 ಮತ್ತು 5. ಅಂದರೆ ಹಲಗೆಯ ಮೇಲೆ ಏಳು ಮತ್ತು ಇಪ್ಪತ್ತೊಂಬತ್ತನೇ ಪಿನ್ನು. ಒಂದೇ ಕುರ್ಚಿಗೆ ಇಬ್ಬರು ಬಂದಿದ್ದಾರೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಳಿದ ಪತ್ರಗಳಿಗೂ ಇದೇ ಬೇರು. ಚಿಪ್ಪಿನ ಒಳಗೆ ಹೊರಗಿನ ಸಾಧನಗಳ ಜೊತೆ ಕೆಲಸ ಮಾಡಲು ಸೀರಿಯಲ್, ಐಸ್ಕ್ವೇರ್‌ಸಿ, ಎಸ್‌ಪಿಐ, ಪಿಡಬ್ಲ್ಯೂಎಂ ಅಂತ ಬೇಕಾದಷ್ಟು ಯಂತ್ರಗಳಿವೆ. ಅಷ್ಟಕ್ಕೂ ಬೇರೆ ಬೇರೆ ಕಾಲು ಕೊಡಲು ಚಿಪ್ಪಿನ ಸುತ್ತ ಜಾಗ ಇಲ್ಲ. ಅದಕ್ಕೇ ಪ್ರತಿ ಪಿನ್ನಿನ ಹಿಂದೆ ಒಂದು ಆಯ್ಕೆಯ ಸ್ವಿಚ್ಚು ಇಟ್ಟಿದ್ದಾರೆ. ಪೈ 4ರವರೆಗಿನ ಚಿಪ್ಪುಗಳಲ್ಲಿ ಆ ಸ್ವಿಚ್ಚಿಗೆ 3 ಬಿಟ್, ಅಂದರೆ 8 ಸ್ಥಾನ. ಇನ್‌ಪುಟ್ ಒಂದು, ಔಟ್‌ಪುಟ್ ಒಂದು, ಉಳಿದ ಆರಕ್ಕೆ ಆಲ್ಟ್ 0ಯಿಂದ ಆಲ್ಟ್ 5 ಅಂತ ಹೆಸರು. ಜಿಪಿಐಓ 4ರ ಸ್ವಿಚ್ಚು ಇನ್‌ಪುಟ್-ಔಟ್‌ಪುಟ್ ಕಡೆ ಇದ್ದರೆ ನಿಮ್ಮ ಸೆನ್ಸರ್ ಮಾತಾಡುತ್ತದೆ. ಆಲ್ಟ್ 4ಕ್ಕೆ ತಿರುಗಿದರೆ ಅದೇ ಪಿನ್ನು ಯುಎಆರ್‌ಟಿ3ರ ಬಾಯಿ. ಇದಕ್ಕೆ ಪಿನ್ ಮಲ್ಟಿಪ್ಲೆಕ್ಸಿಂಗ್ ಅನ್ನುತ್ತಾರೆ, ಆಡುಮಾತಿನಲ್ಲಿ ಪಿನ್‌ಮಕ್ಸ್.

ಹಾಗಾದರೆ ಸ್ವಿಚ್ಚು ತಿರುಗಿಸುವವರು ಯಾರು? ಕರ್ನಲ್, ಅಂದರೆ ಓಎಸ್‌ನ ತಿರುಳು. ಅದಕ್ಕೆ ಹೇಳುವವರು ಯಾರು? ಡಿವೈಸ್ ಟ್ರೀ. ಯುಎಸ್‌ಬಿ ಸಾಧನವಾದರೆ ಚುಚ್ಚಿದ ಕೂಡಲೇ "ನಾನು ಇಂಥವನು" ಅಂತ ತಾನೇ ಹೇಳಿಕೊಳ್ಳುತ್ತದೆ. ತಂತಿ ಬೆಸುಗೆ ಹಾಕಿದ ಸೆನ್ಸರ್‌ಗೆ ಆ ಬಾಯಿ ಇಲ್ಲ. ಹಾಗಾಗಿ ಬೋರ್ಡಿನ ಮೇಲೆ ಎಲ್ಲಿ ಏನಿದೆ, ಯಾವ ವಿಳಾಸ, ಯಾವ ಪಿನ್ನು ಯಾರ ಹೆಸರಿಗೆ ಅಂತ ಬರೆದಿಟ್ಟ ಒಂದು ದಾಖಲೆ ಬೇಕು. ನಮ್ಮ ಜಮೀನಿಗೆ ಪಹಣಿ ಇದ್ದಂತೆ ಅಂದುಕೊಳ್ಳಿ. ಬೋರ್ಡ್ ಬೂಟ್ ಆಗುವಾಗ ಕರ್ನಲ್ ಕೈಗೆ ಈ ಪಹಣಿ ಸಿಗುತ್ತದೆ. ಓವರ್‌ಲೇ ಅಂದರೆ ಮೂಲ ದಾಖಲೆ ಮುಟ್ಟದೆ ಅದರ ಮೇಲೆ ಹಚ್ಚುವ ತಿದ್ದುಪಡಿ ಚೀಟಿ. ನೀವು ಎರಡು ಚೀಟಿ ಹಚ್ಚಿದ್ದೀರಿ. ಎರಡರಲ್ಲೂ ಏಳನೇ ಪಿನ್ನು ತಮ್ಮದು ಅಂತಿದೆ.

ತಕರಾರು ಬಂದಾಗ ಕರ್ನಲ್ ಪಂಚಾಯ್ತಿ ಮಾಡುವುದಿಲ್ಲ. ಮೊದಲು ಬಂದವನಿಗೆ ಕೊಡುತ್ತದೆ. ಸೀರಿಯಲ್ ಡ್ರೈವರ್ ಕರ್ನಲ್ ಒಳಗೇ ಇರುತ್ತದೆ, ಒನ್‌ವೈರ್ ಡ್ರೈವರ್ ಆಮೇಲೆ ಬಂದು ಸೇರುವ ತುಂಡು (ಕರ್ನಲ್ ಮಾಡ್ಯೂಲ್). ಹಾಗಾಗಿ ಸೀರಿಯಲ್ ಗೆದ್ದಿತು. ಇದು ನನ್ನ ಊಹೆ ಅಲ್ಲ ಅಂತ ನೀವೇ ನೋಡಬಹುದು. ಟರ್ಮಿನಲ್‌ನಲ್ಲಿ "ಪಿನ್‌ಸಿಟಿಆರ್‌ಎಲ್ ಗೆಟ್ 4" ಅಂತ ಹೊಡೆಯಿರಿ. ಹಳೆಯ ಓಎಸ್ ಆದರೆ "ರಾಸ್ಪಿ-ಜಿಪಿಐಓ ಗೆಟ್ 4". ಬರುವ ಸಾಲಿನಲ್ಲಿ "ಎ4" (ಆಲ್ಟ್ 4) ಅಂತ ಕಾಣುತ್ತದೆ, ಕೊನೆಗೆ "ಟಿಎಕ್ಸ್‌ಡಿ3" (ಯುಎಆರ್‌ಟಿ3 ಮಾತು ಕಳಿಸುವ ಪಿನ್ನು) ಅಂತಿರುತ್ತದೆ. ಅಲ್ಲಿಗೆ ಕಳ್ಳ ಸಿಕ್ಕ. ಸಾಕ್ಷಿ ಇನ್ನೂ ಬೇಕಿದ್ದರೆ, ಕರ್ನಲ್ ಬರೆದಿಟ್ಟ ಸಂದೇಶ ತೋರಿಸುವ ಡಿಮೆಸೇಜ್ (dmesg) ಆದೇಶದಲ್ಲಿ "ಆಲ್‌ರೆಡಿ ರಿಕ್ವೆಸ್ಟೆಡ್" ಅನ್ನುವ ಪದ ಹುಡುಕಿ. ಜಿಪಿಐಓ 4ನ್ನು ಈಗಾಗಲೇ ಇಂಥ ಸೀರಿಯಲ್ ಪಡೆದಿದೆ, ಒನ್‌ವೈರ್‌ಗೆ ಕೊಡಲಾಗದು ಅಂತ ವಿಳಾಸ ಸಮೇತ ಬರೆದಿರುತ್ತದೆ.

ಪರಿಹಾರ ಎರಡು ರೀತಿ. ಸಿಮ್ ಮಾಡ್ಯೂಲನ್ನು ಯುಎಆರ್‌ಟಿ5ಕ್ಕೆ ಸಾಗಿಸಬಹುದು. ಅದು ಜಿಪಿಐಓ 12 ಮತ್ತು 13, ಹಲಗೆಯ 32 ಮತ್ತು 33ನೇ ಪಿನ್ನು. ಆದರೆ ನಾನಾದರೆ ಸೆನ್ಸರನ್ನೇ ಎಬ್ಬಿಸುತ್ತೇನೆ, ಅದರದ್ದು ಒಂದೇ ತಂತಿ. ಡೇಟಾ ತಂತಿಯನ್ನು ಏಳರಿಂದ ಕಿತ್ತು ಹನ್ನೊಂದಕ್ಕೆ ಹಾಕಿ. ಅದು ಜಿಪಿಐಓ 17. ಡೇಟಾ ತಂತಿಗೆ ಕಟ್ಟಿದ 4.7 ಕಿಲೋ ಓಮ್ ರೆಸಿಸ್ಟರ್ ಹಳೆಯ ಪಿನ್ನಿನಲ್ಲೇ ಉಳಿಯದಿರಲಿ, ಅದೂ ತಂತಿಯ ಜೊತೆಗೇ ಬರಬೇಕು. ಆಮೇಲೆ ಕಾನ್ಫಿಗ್ ಕಡತದ ಸಾಲನ್ನು "ಡಿಟಿಓವರ್‌ಲೇ=ಡಬ್ಲ್ಯೂ1-ಜಿಪಿಐಓ,ಜಿಪಿಐಓಪಿನ್=17" ಅಂತ ತಿದ್ದಿ ರೀಬೂಟ್ ಮಾಡಿ. ಯುಎಆರ್‌ಟಿ4ಕ್ಕೆ ಹೋಗುವ ಆಸೆಯಿದ್ದರೆ ನೆನಪಿಡಿ, ಅದು ಜಿಪಿಐಓ 8 ಮತ್ತು 9. ಎಸ್‌ಪಿಐ ಆನ್ ಇದ್ದರೆ ಅಲ್ಲಿ ಇದೇ ಜಗಳ ಮತ್ತೆ.

ಕಾನ್ಫಿಗ್ ಕಡತ ಅಂದೆ. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಓಎಸ್‌ನಿಂದ ಅದು ಬೂಟ್ ಫೋಲ್ಡರ್ ಬಿಟ್ಟು ಅದರೊಳಗಿನ ಫರ್ಮ್‌ವೇರ್ ಫೋಲ್ಡರ್‌ಗೆ ಹೋಗಿದೆ. ಹಳೆಯ ಜಾಗದಲ್ಲಿ ಅದೇ ಹೆಸರಿನ ಕಡತವಿದ್ದು, ಇಲ್ಲಿ ತಿದ್ದಬೇಡಿ ಅಂತ ಒಳಗೆ ಬರೆದಿದೆ. ನಾನು ಆ ಬರಹ ಓದದೆ ಕೆಳಗೆ ಸಾಲು ಸೇರಿಸಿ, ನಾಲ್ಕು ಸಲ ರೀಬೂಟ್ ಮಾಡಿ, ನಮ್ಮನೆಯವರ ಮೇಲೆ ಸಿಡುಕಿ, ಆಮೇಲೆ ಓದಿದೆ.

ಇನ್ನೊಂದು ಮಾತು, ಡ್ರೈಯರ್ ಆದ್ದರಿಂದ ಹೇಳುತ್ತೇನೆ. ಸೆನ್ಸರ್ ಸರಿಯಾಗಿ 85 ಡಿಗ್ರಿ ತೋರಿಸಿದರೆ ಓಡಿಹೋಗಿ ಬೆಂಕಿ ಎಳೆಯಬೇಡಿ. ಡಿಎಸ್18ಬಿ20ಗೆ ಆಗಷ್ಟೇ ವಿದ್ಯುತ್ ಬಂದು, ಇನ್ನೂ ಅಳೆಯದಿದ್ದಾಗ ಅದರ ಬಾಯಲ್ಲಿರುವ ಸಂಖ್ಯೆಯೇ 85. ಒಂದೇ ಒಂದು ಸಲ 85.000 ಬಂದರೆ ತಂತಿಯ ಜೋಡಣೆ ಸಡಿಲ ಇದೆಯಾ ನೋಡಿ. ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಮಿನಲ್ಲೂ ಅದನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ನಿಮ್ಮ ನಿದ್ದೆ ಹಾಳು.

ಪ್ರಶ್ನೆ: ಆರ್‌ಟಿಸಿ ಜೋಡಿಸಿದ್ದೇನೆ. ಜೋಡಿಸಿದ ಚಿಪ್ಪುಗಳ ವಿಳಾಸ ತೋರಿಸುವ ಐ2ಸಿಡಿಟೆಕ್ಟ್ ಓಡಿಸಿದಾಗ ಮೊದಲು 68 ಅಂತ ಕಾಣುತ್ತಿತ್ತು. ಓವರ್‌ಲೇ ಹಾಕಿದ ಮೇಲೆ ಆ ಜಾಗದಲ್ಲಿ "ಯುಯು" ಅಂತ ಬರುತ್ತಿದೆ. ಚಿಪ್ ಹೋಯಿತಾ? — ಯಲ್ಲಾಪುರದ ಓದುಗ

ಉತ್ತರ: ಪತ್ರದ ಮೊದಲ ಸಾಲು ನೋಡಿ ಜಮೀನಿನ ಪಹಣಿ ವಿಚಾರ ಈ ಅಂಕಣಕ್ಕೆ ಯಾಕೆ ಬಂತು ಅಂದುಕೊಂಡೆ. ಇದು ಗಡಿಯಾರದ ಆರ್‌ಟಿಸಿ. ಚಿಪ್ ಚೆನ್ನಾಗಿದೆ. "ಯುಯು" ಅಂದರೆ ಈ ವಿಳಾಸವನ್ನು ಒಂದು ಡ್ರೈವರ್ ವಹಿಸಿಕೊಂಡಿದೆ, ಬೇರೆಯವರು ತಟ್ಟಬೇಡಿ ಅಂತ. ನೀವು ಬಯಸಿದ್ದು ಅದೇ. ಎಚ್‌ಡಬ್ಲ್ಯೂಕ್ಲಾಕ್ ಆದೇಶ ಕೊಟ್ಟು ಸಮಯ ಓದಿ ನೋಡಿ. ಮಾಡ್ಯೂಲಿಗೆ ವಿದ್ಯುತ್ತನ್ನು ಒಂದನೇ ಪಿನ್ನಿನ 3.3 ವೋಲ್ಟಿನಿಂದ ಕೊಡಿ, 5 ವೋಲ್ಟ್ ಬೇಡ.

ಪ್ರಶ್ನೆ: ನಮ್ಮದು ಬೈತಖೋಲದಲ್ಲಿ ಮೀನಿನ ಬೋಟು. ಪೈ 3ಕ್ಕೆ ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ಜೋಡಿಸಿ ನಕ್ಷೆ ತೋರಿಸುವ ಹಾಗೆ ಮಾಡಿದ್ದೇನೆ. ಜಿಪಿಎಸ್ ಸಾಲುಗಳು ಅರ್ಧಕ್ಕೇ ತುಂಡಾಗಿ ಬರುತ್ತವೆ. ಕೆಲವು ಬರುವುದೇ ಇಲ್ಲ. ಸಮುದ್ರದಲ್ಲಿ ಸಿಗ್ನಲ್ ಕಡಿಮೆಯೇ? — ಕಾರವಾರದ ಓದುಗ

ಉತ್ತರ: ಸಮುದ್ರದ ಮೇಲೆ ಮರ ಇಲ್ಲ, ಮನೆ ಇಲ್ಲ, ಆಕಾಶವೆಲ್ಲ ತೆರೆದೇ ಇದೆ. ಜಿಪಿಎಸ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ತಮ್ಮಾ? ಸಿಗ್ನಲ್ ಕಡಿಮೆಯಾದರೆ ಸಾಲು ಖಾಲಿ ಬರುತ್ತದೆ, ತುಂಡಾಗಿ ಬರುವುದಿಲ್ಲ. ಸಾಲಿನ ಕೊನೆಯಲ್ಲಿ ನಕ್ಷತ್ರದ ಗುರುತು, ಅದರ ಮುಂದೆ ಎರಡಕ್ಷರದ ಚೆಕ್‌ಸಮ್ (ಸಾಲು ಸರಿಯಾಗಿ ಬಂತೇ ಅಂತ ತಾಳೆ ನೋಡುವ ಗುರುತು) ಇರಬೇಕು. ನೀನು ಕಳಿಸಿದ ಹತ್ತು ಸಾಲಿನಲ್ಲಿ ಅದು ಇರುವುದು ಮೂರರಲ್ಲಿ ಮಾತ್ರ. ನಡುವೆ ಯಾರೋ ಅಕ್ಷರ ತಿನ್ನುತ್ತಿದ್ದಾರೆ.

ಯಾರು ಅಂದರೆ ಲಾಗಿನ್ ಕನ್ಸೋಲ್. ಜಿಪಿಐಓ 14 ಮತ್ತು 15ರ ಸೀರಿಯಲ್ ಮೇಲೆ ಯಾರಾದರೂ ಕೇಬಲ್ ಹಾಕಿ ಲಾಗಿನ್ ಆಗಲಿ ಅಂತ ಪೈ ಕಾದು ಕೂತಿರುತ್ತದೆ. ಜಿಪಿಎಸ್ ಕಳಿಸಿದ ಅಕ್ಷರಗಳನ್ನು ಅದು ಯಾರೋ ಯೂಸರ್‌ನೇಮ್ ಹೊಡೆಯುತ್ತಿದ್ದಾರೆ ಅಂತ ತಿಳಿದು ನುಂಗುತ್ತದೆ. ನಿನ್ನ ಪ್ರೋಗ್ರಾಮೂ ಅಲ್ಲೇ ಓದುತ್ತಿದೆ. ಒಂದೇ ತಟ್ಟೆಗೆ ಎರಡು ಕೈ. ರಾಸ್ಪಿ-ಕಾನ್ಫಿಗ್ ತೆರೆದು ಸೀರಿಯಲ್ ಪೋರ್ಟ್‌ಗೆ ಹೋಗು. ಲಾಗಿನ್ ಶೆಲ್ ಬೇಕಾ ಅಂದರೆ ಬೇಡ ಅನ್ನು, ಹಾರ್ಡ್‌ವೇರ್ ಬೇಕಾ ಅಂದರೆ ಬೇಕು ಅನ್ನು.

ಜೊತೆಗೆ ಇನ್ನೊಂದು ಕೆಲಸ ಮಾಡಿಬಿಡು. ಪೈ 3ರಲ್ಲಿ ಎರಡು ಸೀರಿಯಲ್ ಇವೆ. ಒಳ್ಳೆಯದರ ಹೆಸರು ಪಿಎಲ್011, ಬಡಪಾಯಿಯ ಹೆಸರು ಮಿನಿ ಯುಎಆರ್‌ಟಿ. ಒಳ್ಳೆಯದನ್ನು ಬ್ಲೂಟೂತ್‌ಗೆ ಕೊಟ್ಟು, ಹೊರಗಿನ ಪಿನ್ನಿಗೆ ಬಡಪಾಯಿಯನ್ನು ನಿಲ್ಲಿಸಿದ್ದಾರೆ. ಮಿನಿ ಯುಎಆರ್‌ಟಿಯ ವೇಗ ಚಿಪ್ಪಿನ ಕೋರ್ ಗಡಿಯಾರಕ್ಕೆ ಕಟ್ಟಿಬಿದ್ದಿದೆ. ಆ ಗಡಿಯಾರ ಏರಿಳಿದರೆ ಇದರ ಮಾತು ತೊದಲುತ್ತದೆ. ಪ್ಯಾರಿಟಿ ಬಿಟ್ (ಅಕ್ಷರ ಸರಿಯಾಗಿ ಬಂತೇ ಅಂತ ನೋಡಲು ಸೇರಿಸುವ ಬಿಟ್) ಅಂತೂ ಅದಕ್ಕೆ ಗೊತ್ತೇ ಇಲ್ಲ. (ಮಾಡ್‌ಬಸ್ ಮೀಟರ್ ಈವನ್ ಪ್ಯಾರಿಟಿಯಲ್ಲಿ ಮಾತಾಡುವುದಿಲ್ಲ ಅಂತ ಬರೆದ ಅಂಕೋಲೆಯವರು ಇದನ್ನೇ ಓದಿಕೊಳ್ಳಿ.) ಬೋಟಿನಲ್ಲಿ ಬ್ಲೂಟೂತ್ ಯಾರಿಗೆ ಬೇಕು? "ಡಿಟಿಓವರ್‌ಲೇ=ಡಿಸೇಬಲ್-ಬಿಟಿ" ಹಾಕು. ಒಳ್ಳೆಯದು 14-15ಕ್ಕೆ ಬರುತ್ತದೆ. ಓವರ್‌ಲೇ ಇಲ್ಲಿ ಮಾಡುವುದು ಇಷ್ಟೇ, ಜಿಪಿಐಓ 14ರ ಸ್ವಿಚ್ಚು ಆಲ್ಟ್ 5ರಿಂದ ಆಲ್ಟ್ 0ಗೆ ತಿರುಗುತ್ತದೆ. ತಂತಿ ಇದ್ದಲ್ಲೇ ಇರುತ್ತದೆ, ಅದರ ಹಿಂದಿನ ಯಂತ್ರ ಬದಲಾಗುತ್ತದೆ. ಮುಂದೆ ಸುತ್ತಲಿನ ಹಡಗುಗಳು ಎಲ್ಲಿವೆ ಅಂತ ತಿಳಿಸುವ ಎಐಎಸ್ ರಿಸೀವರ್ ಹಾಕುವ ಆಲೋಚನೆಯಿದೆ ಅಂದೆಯಲ್ಲ, ಅದು 38400 ವೇಗದಲ್ಲಿ ಮಾತಾಡುತ್ತದೆ, ಜಿಪಿಎಸ್ ಹಾಗೆ 9600 ಅಲ್ಲ. ಅದಕ್ಕೆ ಯುಎಸ್‌ಬಿ ಸೀರಿಯಲ್ ತಂತಿ ತಗೋ.

ಇಷ್ಟಾದರೂ ಸರಿಯಾಗದಿದ್ದರೆ ಪಿನ್ನನ್ನು ಕಣ್ಣಿಂದ ನೋಡು. ಕಾರವಾರದಲ್ಲಿ 24 ವರ್ಷ ಪಾಲಿಟೆಕ್ನಿಕ್ ಲ್ಯಾಬ್ ನೋಡಿಕೊಂಡವಳು ನಾನು. ಆ ಉಪ್ಪಿನ ಗಾಳಿ ಏನು ಮಾಡುತ್ತದೆ ಅಂತ ಗೊತ್ತು. ಒಂದು ಮಳೆಗಾಲದಲ್ಲಿ ಎರಡು ದಿನ ಓವರ್‌ಲೇ ತಿದ್ದುತ್ತಾ ಕೂತಿದ್ದೆ. ಮೂರನೇ ದಿನ ಜಂಪರ್ ತಂತಿ ಕೈಗೆ ಬಂತು. ತುದಿಯಲ್ಲಿ ಹಸಿರು ಕಿಲುಬು, ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಹಾಗೇ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡ. ಆ ತಂತಿ ಎಸೆದು, ಬೋಟಿನೊಳಗೆ ಜಂಪರ್ ಬದಲು ಬೆಸುಗೆಯನ್ನೇ ಹಾಕು.

ಪ್ರಶ್ನೆ: ಮೇಡಂ, ಕಾಲೇಜಿನ ಪ್ರದರ್ಶನಕ್ಕೆ ಅಘನಾಶಿನಿ ದಂಡೆಯ ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ) ಮಾದರಿ ಮಾಡುತ್ತಿದ್ದೇವೆ. ಭರತ (ಸಮುದ್ರದ ಉಬ್ಬರ) ಬಂದಾಗ ಸರ್ವೋ ಮೋಟರ್ ತಾನಾಗಿ ನೀರಿನ ಬಾಗಿಲು ಮುಚ್ಚಬೇಕು. ಅದನ್ನು ತಿರುಗಿಸಲು ಪೈ 3ರ ಜಿಪಿಐಓ 12ರಲ್ಲಿ ಪಿಡಬ್ಲ್ಯೂಎಂ (ಅಗಲ ಬದಲಾಗುವ ಮಿಡಿತಗಳ ಸಂಕೇತ) ಬೇಕು. ಅದು ಆಲ್ಟ್ 0 ಅಂತ ಓದಿ, ನಾನೇ ಓವರ್‌ಲೇ ಬರೆದು ಫಂಕ್ಷನ್ ಜಾಗದಲ್ಲಿ 0 ಹಾಕಿದೆ. ತಪ್ಪೇನೂ ತೋರಿಸುವುದಿಲ್ಲ. ಸರ್ವೋ ಅಲ್ಲಾಡುವುದೂ ಇಲ್ಲ. — ವಿದ್ಯಾರ್ಥಿನಿ, ಕುಮಟಾ

ಉತ್ತರ: ನೀನೇ ಓವರ್‌ಲೇ ಬರೆದೆಯಲ್ಲ, ಅದಕ್ಕೆ ಶಭಾಶ್. ನೀನು ಬಿದ್ದ ಗುಂಡಿಯಲ್ಲಿ ನಾನೂ ಬಿದ್ದು ಎದ್ದಿದ್ದೇನೆ.

ಆ ಜಾಗದಲ್ಲಿ ಬರೆಯುವುದು ಆಲ್ಟ್‌ನ ಸಂಖ್ಯೆಯನ್ನಲ್ಲ, ಚಿಪ್ಪಿನ ಆ 3 ಬಿಟ್‌ಗಳ ಬೆಲೆಯನ್ನು. ಅಲ್ಲಿ 0 ಅಂದರೆ ಇನ್‌ಪುಟ್, 1 ಅಂದರೆ ಔಟ್‌ಪುಟ್. ಆಲ್ಟ್ 0ಗೆ 4. ಅಲ್ಲಿಂದ ಆಲ್ಟ್ 1, 2, 3ಕ್ಕೆ ಕ್ರಮವಾಗಿ 5, 6, 7. ಇಷ್ಟರಲ್ಲಿ ಜಾಗ ಮುಗಿಯಿತು. ಆಲ್ಟ್ 4 ಹಿಂದಕ್ಕೆ ಬಂದು 3 ಆಯಿತು, ಆಲ್ಟ್ 5 ಇನ್ನೂ ಹಿಂದೆ ಹೋಗಿ 2 ಆಯಿತು. ಇದನ್ನು ಯಾವ ಪುಣ್ಯಾತ್ಮ ಜೋಡಿಸಿದನೋ! ನನ್ನ ಮೇಜಿನ ಗಾಜಿನ ಕೆಳಗೆ ಈ ಎಂಟು ಸಂಖ್ಯೆ ಬರೆದ ಚೀಟಿ ಇದೆ. ನೆನಪಿಟ್ಟುಕೊಳ್ಳುವ ಹಟ ನಾನು ಬಿಟ್ಟೆ. ನಿನ್ನ 0 ನೋಡಿ ಕರ್ನಲ್ ಪಿನ್ನನ್ನು ಇನ್‌ಪುಟ್ ಮಾಡಿತು. ನೀನು ಕೇಳಿದ್ದನ್ನೇ ಮಾಡಿದ್ದರಿಂದ ತಪ್ಪು ತೋರಿಸಲಿಲ್ಲ. ಪಿನ್‌ಸಿಟಿಆರ್‌ಎಲ್‌ನಲ್ಲಿ 12ನ್ನು ಕೇಳಿದ್ದರೆ "ಐಪಿ" ಅಂತ ಹೇಳುತ್ತಿತ್ತು. 0 ತೆಗೆದು 4 ಹಾಕು.

ಅಭ್ಯಾಸಕ್ಕೆ ಬರೆದದ್ದು ಸರಿ. ಪ್ರದರ್ಶನದ ದಿನಕ್ಕೆ ಮಾತ್ರ ಪೈ ಜೊತೆ ಬರುವ ಸಿದ್ಧ ಓವರ್‌ಲೇ ಬಳಸು. "ಡಿಟಿಓವರ್‌ಲೇ=ಪಿಡಬ್ಲ್ಯೂಎಂ,ಪಿನ್=12,ಫಂಕ್=4". ಅಲ್ಲೂ ಅದೇ 4, ನೋಡಿದೆಯಾ? ಓವರ್‌ಲೇಗಳ ಫೋಲ್ಡರಿನಲ್ಲೇ ರೀಡ್‌ಮಿ ಅಂತ ಒಂದು ದೊಡ್ಡ ಕಡತವಿದೆ. ಅಷ್ಟು ಓದಲು ಬೇಸರವಾದರೆ "ಡಿಟಿಓವರ್‌ಲೇ -ಎಚ್ ಪಿಡಬ್ಲ್ಯೂಎಂ" ಹೊಡೆದರೆ ಬೇಕಾದ ತುಂಡು ಮಾತ್ರ ಬರುತ್ತದೆ.

ಇನ್ನೂ ಒಂದು ಸಿಕ್ಕು ಉಳಿದಿದೆ. ಪೈ 3ರಲ್ಲಿ ಹೆಡ್‌ಫೋನ್ ಜಾಕಿಗೆ ಶಬ್ದ ಹೋಗುವುದೂ ಇದೇ ಪಿಡಬ್ಲ್ಯೂಎಂ ಯಂತ್ರದಿಂದ. ಪಿನ್ನು ಬೇರೆ, ಹಿಂದಿನ ಯಂತ್ರ ಒಂದೇ. ಹಾಗಾಗಿ ಪಿನ್ ಪಟ್ಟಿಯಲ್ಲಿ ಜಗಳ ಕಾಣುವುದೇ ಇಲ್ಲ. ಮಾದರಿಗೆ ಯಕ್ಷಗಾನದ ಚಂಡೆ ಶಬ್ದ ಹಾಕುತ್ತೇವೆ ಅಂತ ಬರೆದಿದ್ದೀಯಲ್ಲ, ಅದನ್ನು ಆ ಜಾಕಿನಿಂದ ಹೊರಡಿಸಿದರೆ ಚಂಡೆಯ ಏಟಿಗೆ ಬಾಗಿಲೂ ಕುಣಿಯಬಹುದು. ಕಾನ್ಫಿಗ್ ಕಡತದ ಆಡಿಯೋ ಸಾಲನ್ನು ಆಫ್ ಮಾಡು, ಚಂಡೆಯನ್ನು ಯಾರದ್ದಾದರೂ ಮೊಬೈಲ್‌ನಿಂದ ನುಡಿಸಿ.

ಸಾಲು ಬರೆದರೂ ಪರಿಣಾಮ ಕಾಣದಿದ್ದರೆ, ಕಾನ್ಫಿಗ್ ಕಡತದಲ್ಲಿ ಅದರ ಮೇಲೆ ಚೌಕ ಕಂಸದೊಳಗೆ ಸಿಎಂ4 ಅಥವಾ ಪೈ4 ಅಂತ ಇದೆಯಾ ನೋಡು. ಅದರ ಕೆಳಗಿರುವುದು ಆ ಬೋರ್ಡಿಗೆ ಮಾತ್ರ. ನಿನ್ನ ಸಾಲು "ಆಲ್" ಅನ್ನುವ ಕಂಸದ ಕೆಳಗೆ ಇರಲಿ.

ಪ್ರಶ್ನೆ: ನೀವು ಹೇಳಿದ ಸಾಲುಗಳನ್ನು ಆರೆಂಜ್ ಪೈಯಲ್ಲಿ ಹಾಕಬಹುದೇ? — ಹೊನ್ನಾವರದ ಓದುಗ

ಉತ್ತರ: ಇಲ್ಲ. ಪಿನ್ನಿನ ಸಾಲು ನೋಡಲು ಒಂದೇ ಥರ, ಚಿಪ್ಪು ಬೇರೆ ಕಂಪನಿಯದು. ಅಲ್ಲಿ ಪಿನ್ನಿನ ಹೆಸರೇ ಪಿಎ20, ಪಿಸಿ5 ಅಂತಿರುತ್ತದೆ. ಆರ್ಮ್‌ಬಿಯನ್ ಓಎಸ್ ಹಾಕಿದ್ದರೆ ಬೂಟ್ ಫೋಲ್ಡರಿನ ಆರ್ಮ್‌ಬಿಯನ್‌ಎನ್ವ್ ಕಡತದಲ್ಲಿ "ಓವರ್‌ಲೇಸ್=" ಅನ್ನುವ ಒಂದೇ ಸಾಲು ಇರಬೇಕು. ಬೇಕಾದವನ್ನು ನಡುವೆ ಜಾಗ ಬಿಟ್ಟು ಅದರಲ್ಲೇ ಬರೆಯಬೇಕು.

ಪ್ರಶ್ನೆ: ತಪ್ಪು ಓವರ್‌ಲೇ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತದೆಯೇ? ಹೆದರಿಕೆಯಿಂದ ಏನೂ ಮುಟ್ಟಿಲ್ಲ. — ಸಿದ್ದಾಪುರದ ಓದುಗ

ಉತ್ತರ: ಮುಟ್ಟಿ. ತಪ್ಪು ಸಾಲಿನಿಂದ ಹೆಚ್ಚಿನ ಸಲ ಆಗುವುದು ಇಷ್ಟೇ, ಬೇಕಾದದ್ದು ನಡೆಯುವುದಿಲ್ಲ, ಅಥವಾ ಬೂಟ್ ಆಗುವುದಿಲ್ಲ. ಎಸ್‌ಡಿ ಕಾರ್ಡ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ, ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಇಟ್ಟರೆ ಆಯಿತು. ತೊಂದರೆ ಬರುವುದು ಪಿನ್ನು ಔಟ್‌ಪುಟ್ ಆಗಿ, ಎದುರಿನ ಸಾಧನವೂ ಔಟ್‌ಪುಟ್ ಆಗಿ, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಎಳೆದಾಗ. ಹೊಸ ಸಾಧನದ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇಟ್ಟು ಮೊದಲ ಪ್ರಯೋಗ ಮಾಡಿದರೆ ಅದಕ್ಕೂ ಹೆದರಬೇಕಿಲ್ಲ.

ನಿಜವಾಗಿ ಕೊಲ್ಲುವುದು 5 ವೋಲ್ಟ್. ಪೈಯ ಜಿಪಿಐಓ ತಡೆಯುವುದು 3.3 ಮಾತ್ರ. ನಾನು ಮಳೆ ಅಳೆಯುವ ಯಂತ್ರ ಜೋಡಿಸುವಾಗ, ಜೂನ್ ತಿಂಗಳು, ಕರೆಂಟಿಲ್ಲದ ಸಂಜೆ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಂಪು ತಂತಿಯನ್ನು ಒಂದರ ಬದಲು ಎರಡನೇ ಪಿನ್ನಿಗೆ ಹಾಕಿದೆ. ಅಲ್ಲಿ 5 ವೋಲ್ಟ್. ಹೊಗೆ ಬರಲಿಲ್ಲ, ಸದ್ದೂ ಆಗಲಿಲ್ಲ. ಆವತ್ತಿನಿಂದ ಆ ಬೋರ್ಡಿನ ಜಿಪಿಐಓ 22 ಏನು ಕೇಳಿದರೂ ಒಂದೇ ಉತ್ತರ ಕೊಡುತ್ತದೆ. ಉಳಿದ ಪಿನ್ನುಗಳು ಗಟ್ಟಿಯಾಗಿವೆ. ಈಗಲೂ ನಮ್ಮ ಕೊಟ್ಟಿಗೆಯ ದೀಪ ಹಚ್ಚುವುದು ಅದೇ ಬೋರ್ಡು, ಜಿಪಿಐಓ 23ರಿಂದ.